ಸಂಪಾದಕರ ಉತ್ತರ: ನಿಂತು ಮಾತಾಡುವ ಜಾಗ ಇಂಟರ್‌ನೆಟ್ಟಿನಲ್ಲಿ ಉಳಿದಿದೆಯೇ?

ತಿಪಟೂರಿನ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಫೇಸ್‌ಬುಕ್, ಇನ್‌ಸ್ಟಾಗ್ರಾಂ ನೋಡಿ ನೋಡಿ ಸಾಕಾಗಿದೆ. ಹಿಂದೆ ಯಾಹೂ ಗ್ರೂಪ್ಸ್‌ನಲ್ಲಿ, ಆರ್ಕುಟ್‌ನಲ್ಲಿ ಪುಸ್ತಕ, ಅಡುಗೆ, ಪ್ರವಾಸ ಅಂತ ಏನೆಲ್ಲ ಮಾತಾಡುತ್ತಿದ್ದೆವು. ಈಗ ಅಂಥ ಫೋರಂ ಹುಡುಕಿದರೆ ಎಂದೋ ನಿಂತುಹೋದವೇ ಸಿಗುತ್ತವೆ. ಜೀವ ಇರುವ ಜಾಗ ಎಲ್ಲೂ ಇಲ್ಲವೇ?"

ಮೇಡಂ, ನಮಸ್ಕಾರ.

ಖಂಡಿತ ಇವೆ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ. ನಮ್ಮವರು ವರ್ಷಗಟ್ಟಲೆ ಆಡಿದ ಎಷ್ಟೋ ಮಾತು ಅವುಗಳ ಜೊತೆಗೇ ಹೋಯಿತು. ಆದರೆ ಹಾಗೆ ಮಾತಾಡುವ ಜನ ಎಲ್ಲೂ ಹೋಗಿಲ್ಲ.

ನೀವು ಹುಡುಕುವ ದಾರಿಯನ್ನು ಸ್ವಲ್ಪ ಬದಲಿಸಬೇಕು, ಅಷ್ಟೇ. "ಎಲ್ಲ ವಿಷಯಕ್ಕೂ ಒಂದು ಫೋರಂ" ಅಂತ ಹುಡುಕಿದರೆ ಖಾಲಿ ಬಿದ್ದವೇ ಜಾಸ್ತಿ ಸಿಗುತ್ತವೆ. ಸುಮ್ನೆ ಏನಾದರೂ ಮಾತಾಡೋಣ ಅಂತ ಬಂದವರಿಗೆ ನಾಳೆ ಮತ್ತೆ ಬರಲು ಕಾರಣ ಬೇಕಲ್ವಾ? ಒಂದು ವಿಷಯವನ್ನು ಪ್ರೀತಿಸುವವರು ಮಾತ್ರ ವರ್ಷಾನುಗಟ್ಟಲೆ ಒಂದೇ ಕಡೆ ಉಳಿಯುತ್ತಾರೆ. ಪರಿಚಯ ಬೆಳೆದ ಮೇಲೆ ಮಿಕ್ಕಿದ್ದೆಲ್ಲವನ್ನೂ ಅಲ್ಲೇ ಮಾತಾಡುತ್ತಾರೆ. ಹಾಗಾಗಿ ನಿಮಗೆ ಇಷ್ಟವಾದ ಒಂದು ವಿಷಯದ ಫೋರಂ ಹಿಡಿಯಿರಿ. ಹರಟೆಯ ವಿಭಾಗ ಅದರೊಳಗೇ ಇರುತ್ತದೆ.

ನಮ್ಮ ದೇಶದ್ದೇ ಒಂದು ಉದಾಹರಣೆ ಟೀಮ್-ಬಿಎಚ್‌ಪಿ. 2004ರಲ್ಲಿ ಶುರುವಾದದ್ದು, ಹೆಸರಿಗೆ ಕಾರಿನ ಫೋರಂ. ಆದರೆ ಅಲ್ಲಿ "ಶಿಫ್ಟಿಂಗ್ ಗೇರ್ಸ್" ಅನ್ನುವ ವಿಭಾಗದಲ್ಲಿ ಕಾರಿಗೆ ಸಂಬಂಧವೇ ಇಲ್ಲದ ಮಾತು ನಡೆಯುತ್ತದೆ. ಪ್ರವಾಸ ಕಥನಗಳಿಗಂತೂ ಬೇರೆ ವಿಭಾಗವೇ ಇದೆ, ಫೋಟೋ ಸಮೇತ ಪುಟಗಟ್ಟಲೆ ಬರೆಯುತ್ತಾರೆ. ಸದಸ್ಯರಾಗಲು ಅರ್ಜಿ ಹಾಕಿ ಒಪ್ಪಿಗೆಗೆ ಕಾಯಬೇಕು. ಎಸ್ಸೆಮ್ಮೆಸ್ ಇಂಗ್ಲಿಷಿನಲ್ಲಿ ಬರೆದರೆ ಮಾಡರೇಟರ್‌ಗಳು, ಅಂದರೆ ಫೋರಂ ನೋಡಿಕೊಳ್ಳುವವರು, ಬಿಡುವುದಿಲ್ಲ. ಮೊದಲು ಇದು ಕಿರಿಕಿರಿ ಅನ್ನಿಸಬಹುದು. ಇಷ್ಟು ವರ್ಷದ ಮೇಲೂ ಆ ಪುಟಗಳು ಓದುವ ಹಾಗಿರುವುದಕ್ಕೆ ಆ ಬಿಗಿಯೇ ಕಾರಣ ಅಂತ ನನ್ನ ನಂಬಿಕೆ.

ನೀವು ಪುಸ್ತಕದವರು, ಹಾಗಾಗಿ ಲೈಬ್ರರಿಥಿಂಗ್ ನೋಡಲೇಬೇಕು. 2005ರಲ್ಲಿ ಶುರುವಾದದ್ದು, ಮನೆಯ ಪುಸ್ತಕಗಳ ಪಟ್ಟಿ ಇಟ್ಟುಕೊಳ್ಳುವ ತಾಣ. ಅದರ "ಟಾಕ್" ವಿಭಾಗಕ್ಕೆ ಹೋಗಿ. ಕೆಲವು ಗುಂಪುಗಳಲ್ಲಿ ವರ್ಷದ ಶುರುವಿನಲ್ಲಿ ಒಬ್ಬೊಬ್ಬರೂ ತಮ್ಮದೊಂದು ಎಳೆ (ಥ್ರೆಡ್) ತೆರೆದು, ಓದಿದ್ದನ್ನು ಬರೆಯುತ್ತಾ ಹೋಗುತ್ತಾರೆ. ಉಳಿದವರು ಬಂದು ಮಾತು ಸೇರಿಸುತ್ತಾರೆ. ಪುಸ್ತಕದಿಂದ ಶುರುವಾದದ್ದು ಮೊಮ್ಮಕ್ಕಳು, ಮಳೆ, ಮೊಣಕಾಲು ನೋವಿನವರೆಗೂ ಹೋಗುತ್ತದೆ. ಹೆಣಿಗೆಯವರಿಗೆ 2007ರಿಂದ ರಾವೆಲ್ರಿ ಇದೆ. ಅಲ್ಲಿಯೂ ಇದೇ ಕಥೆ.

ನೇರವಾಗಿ ಎಲ್ಲ ವಿಷಯ ಮಾತಾಡುವ ಜಾಗಗಳೂ ಕೆಲವಿವೆ. ಮೆಟಾಫಿಲ್ಟರ್ 1999ರದ್ದು. ಸೇರುವವರಿಂದ ಒಂದೇ ಸಲ 5 ಡಾಲರ್ ತೆಗೆದುಕೊಳ್ಳುವ ಪದ್ಧತಿಯನ್ನು 2004ರಲ್ಲಿ ತಂದರು. ಕಾಟ ಕೊಡಲೆಂದೇ ಬರುವವರನ್ನು ಆ ಸಣ್ಣ ಮೊತ್ತವೇ ತಡೆಯುತ್ತದೆ. ಟಿಲ್ಡ್ಸ್ 2018ರದ್ದು, ಜಾಹೀರಾತು ಇಲ್ಲ, ಆಹ್ವಾನ ಸಿಕ್ಕವರು ಮಾತ್ರ ಸದಸ್ಯರಾಗಬಹುದು. 2023ರಲ್ಲಿ ರೆಡ್ಡಿಟ್ ಅನ್ನುವ ದೊಡ್ಡ ಚರ್ಚಾ ತಾಣ ಹೊರಗಿನ ಆ್ಯಪ್‌ಗಳಿಗೆ ದುಬಾರಿ ಶುಲ್ಕ ಹಾಕಿದಾಗ ಬೇಸರಪಟ್ಟು ಹೊರಟವರಲ್ಲಿ ಅನೇಕರು ಲೆಮ್ಮಿಗೆ ಹೋದರು. ಅದಕ್ಕೆ ಒಬ್ಬ ಮಾಲೀಕ ಅಂತಿಲ್ಲ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಒಂದು ಕಡೆ ಖಾತೆ ತೆರೆದರೆ ಬೇರೆ ಕಡೆಯ ಮಾತಿಗೂ ಸೇರಬಹುದು. ಇವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ, ಅಮೆರಿಕದ ರಾಜಕೀಯ ಜಾಸ್ತಿ.

ಜೀವ ಇದೆಯೋ ಇಲ್ಲವೋ ತಿಳಿಯಲು ಸದಸ್ಯರ ಸಂಖ್ಯೆ ನೋಡಬೇಡಿ. ಹತ್ತು ವರ್ಷದ ಹಿಂದೆ ಸೇರಿ ಮರೆತುಹೋದವರೂ ಆ ಲೆಕ್ಕದಲ್ಲಿರುತ್ತಾರೆ. ಪ್ರತಿ ವಿಭಾಗದ ಕೊನೆಯ ಬರಹದ ತಾರೀಕು ನೋಡಿ. ಆಮೇಲೆ, ಹೊಸಬರೊಬ್ಬರು ಕೇಳಿದ ಪ್ರಶ್ನೆಗೆ ಎಷ್ಟು ಹೊತ್ತಿನಲ್ಲಿ, ಯಾವ ದನಿಯಲ್ಲಿ ಉತ್ತರ ಬಂದಿದೆ ನೋಡಿ. ನನ್ನ ಮಟ್ಟಿಗೆ ಇದೇ ದೊಡ್ಡ ಪರೀಕ್ಷೆ. ಹೊಸಬರನ್ನು ಗದರಿಸುವ ಕಡೆ ಎಷ್ಟೇ ಜನ ಇದ್ದರೂ ನೀವು ಹೋಗಬೇಕಿಲ್ಲ. ಕೆಲವು ದಿನ ಬರೀ ಓದಿ, ಆಮೇಲೆ ಬರೆಯಿರಿ. ಖಾತೆಗೆ ಬೇರೆಯದೇ ಒಂದು ಇಮೇಲ್ ಇಟ್ಟುಕೊಳ್ಳಿ, ಫೋನ್ ನಂಬರ್ ಯಾರಿಗೂ ಕೊಡಬೇಡಿ.

ಹುಡುಕಲು ಒಂದು ಉಪಾಯ ಹೇಳುತ್ತೇನೆ. ಪಿಎಚ್‌ಪಿಬಿಬಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ನಡೆಯುವ ಫೋರಂಗಳ ಪುಟದ ವಿಳಾಸದಲ್ಲಿ ಸಾಮಾನ್ಯವಾಗಿ "ವ್ಯೂಟಾಪಿಕ್" ಅನ್ನುವ ಪದ ಇರುತ್ತದೆ. ನಿಮ್ಮ ವಿಷಯದ ಜೊತೆ ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಸೇರಿಸಿ, ಕಳೆದ ಒಂದು ವರ್ಷದ್ದು ಮಾತ್ರ ತೋರಿಸು ಅಂತ ಗೂಗಲ್‌ಗೆ ಹೇಳಿ. ನಿಂತುಹೋದವು ಬಹಳಷ್ಟು ಅಲ್ಲಿಗೇ ಹೊರಬೀಳುತ್ತವೆ.

ಕನ್ನಡದ ಮಾತು ಬಂದರೆ ನನಗೆ ಸಂಕಟವಾಗುತ್ತದೆ. 2005ರಲ್ಲಿ ಶುರುವಾದ "ಸಂಪದ" ತಾಣದಲ್ಲಿ ಎಷ್ಟೋ ಜನ ಮೊದಲ ಬಾರಿಗೆ ಕನ್ನಡದಲ್ಲಿ ಟೈಪ್ ಮಾಡಿ, ಪರಸ್ಪರ ತಿದ್ದಿಕೊಂಡು, ವಾದ ಮಾಡಿಕೊಂಡು ಬರಹಗಾರರಾದರು. ಈಗ ನಮ್ಮ ಮಾತೆಲ್ಲ ವಾಟ್ಸಾಪ್ ಗುಂಪುಗಳಿಗೆ ಸೇರಿಬಿಟ್ಟಿದೆ. ನಿಮ್ಮೂರಿನ ರೈತರೊಬ್ಬರು ತೆಂಗಿನ ನುಸಿಗೆ ತಾವು ಮಾಡಿದ ಉಪಾಯವನ್ನು ಅಲ್ಲಿ ಬರೆದರು ಅನ್ನಿ. ಮುಂದಿನ ವಾರ ಅದು ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಗೂಗಲ್‌ಗೂ ಅದು ಕಾಣುವುದಿಲ್ಲ. ಅದೇ ಮಾತು ತೆರೆದ ಫೋರಂನಲ್ಲಿದ್ದರೆ ಐದು ವರ್ಷ ಬಿಟ್ಟು ಅರಸೀಕೆರೆಯವರಿಗೂ ಸಿಗುತ್ತಿತ್ತು.

ಕನ್ನಡದಲ್ಲೇ ಬರೆಯಬೇಕು ಅನ್ನಿಸಿದರೆ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬನ್ನಿ. ಅಲ್ಲಿ "ಅರಳಿಕಟ್ಟೆ" ಅನ್ನುವ ಚರ್ಚೆಯ ಪುಟ ಇದೆ. ಮಾತು ವಿಕಿಪೀಡಿಯದ ಕೆಲಸದ ಬಗ್ಗೆಯೇ, ಹರಟೆಗೆ ಜಾಗ ಕಡಿಮೆ. ಆದರೆ ಪಾಠ ಮಾಡಿದ ಅನುಭವ ಇರುವ ನಿಮ್ಮಂಥವರಿಗೆ ಅಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ, ಜೊತೆಗೆ ಕೆಲಸ ಮಾಡುವವರೂ ಸಿಗುತ್ತಾರೆ.

ಯಾವುದಕ್ಕೆ ಸೇರಿದಿರಿ, ಅಲ್ಲಿನವರು ಹೇಗೆ ಬರಮಾಡಿಕೊಂಡರು ಅಂತ ನಮಗೊಂದು ಪತ್ರ ಹಾಕಿ. ಬೇರೆ ಓದುಗರಿಗೂ ಉಪಯೋಗವಾಗುತ್ತದೆ, ಪ್ರಕಟಿಸುತ್ತೇವೆ.

— ಸಂಪಾದಕ