ಹದಿನಾರು ಇಂಚಿನ ಅಲಾಯ್ ಚಕ್ರ ಹಾಕಿಸಿದ ಮೇಲೆ ಟೈರ್ ಉಜ್ಜುವ ಸದ್ದು ಏಕೆ?

ನಿಮ್ಮ ಕಾರಿನ ಹಳೇ ಚಕ್ರ 15 ಇಂಚು, 6 ಇಂಚು ಅಗಲ, ಆಫ್‌ಸೆಟ್ (ಚಕ್ರ ಹಬ್‌ಗೆ ಕೂರುವ ಮುಖ ರಿಮ್ಮಿನ ನಡುಮಧ್ಯದಿಂದ ಎಷ್ಟು ಮಿಮೀ ಹೊರಕ್ಕಿದೆ ಎಂಬ ಅಳತೆ) 45, ಟೈರ್ 185/65 (ಅಗಲ 185 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 65). ಈಗಿನದು 16 ಇಂಚು, 7 ಇಂಚು ಅಗಲ, ಆಫ್‌ಸೆಟ್ 35, ಟೈರ್ 205/55. ಹಂಪ್ ದಾಟುವಾಗ ಮತ್ತು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಸದ್ದು ಅಂತ ಬರೆದಿದ್ದೀರಿ.

ಎತ್ತರದ ವ್ಯತ್ಯಾಸ ದೊಡ್ಡದಲ್ಲ. ಹಳೇ ಟೈರಿನ ವ್ಯಾಸ ಸುಮಾರು 621 ಮಿಮೀ, ಹೊಸದು 632. ಅಸಲಿ ತೊಂದರೆ ರಿಮ್ಮಿನ ಅಗಲ ಮತ್ತು ಆಫ್‌ಸೆಟ್‌ನಲ್ಲಿದೆ. ರಿಮ್ ಒಂದು ಇಂಚು ಅಗಲವಾದರೆ ಎರಡೂ ಕಡೆ ತಲಾ 12.7 ಮಿಮೀ ಹೆಚ್ಚುತ್ತದೆ. ಆಫ್‌ಸೆಟ್ 10 ಕಡಿಮೆಯಾದರೆ ಇಡೀ ಚಕ್ರ 10 ಮಿಮೀ ಹೊರಗೆ ಸರಿಯುತ್ತದೆ. ಅಂದರೆ ಹೊರ ಅಂಚು ಹತ್ತಿರ ಹತ್ತಿರ 23 ಮಿಮೀ ಆಚೆ ಬಂತು, ಒಳಗೆ 3 ಮಿಮೀ ಕೂಡ ಸರಿಯಲಿಲ್ಲ. ಹಾಗಾಗಿ ಸಸ್ಪೆನ್ಷನ್ ಒತ್ತಿದಾಗ ಟೈರು ಫೆಂಡರಿನ (ಚಕ್ರದ ಮೇಲಿನ ಬಾಡಿ ಭಾಗದ) ಅಂಚಿಗೆ ತಾಗುತ್ತಿರಬೇಕು.

ಖಚಿತ ಮಾಡಿಕೊಳ್ಳಲು ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು ನಿಧಾನವಾಗಿ ಓಡಿಸಿ. ಸುಣ್ಣ ಎಲ್ಲಿ ಅಳಿಸಿದೆ, ಎಲ್ಲಿ ಅಂಟಿದೆ ನೋಡಿ. ಪೂರ್ತಿ ತಿರುಗಿಸಿದಾಗ ಚಕ್ರದ ಗೂಡಿನ ಪ್ಲಾಸ್ಟಿಕ್ ಲೈನರಿಗೆ (ಒಳಹೊದಿಕೆಗೆ) ಮಾತ್ರ ತಾಗಿದರೆ ಅದನ್ನು ಸರಿಹೊಂದಿಸಬಹುದು. ನೇರ ರಸ್ತೆಯಲ್ಲೂ ಸದ್ದು ಬಂದರೆ ಗಾಡಿ ನಿಲ್ಲಿಸಿ, ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ), ಸ್ಟ್ರಟ್ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ಎರಡನ್ನೂ ಪರೀಕ್ಷಿಸಿ.

ಸ್ಪೇಸರ್ (ಹಬ್ ಮತ್ತು ಚಕ್ರದ ನಡುವೆ ಹಾಕುವ ಬಿಲ್ಲೆ) ಹಾಕಿಸಬೇಡಿ, ಅದು ಚಕ್ರವನ್ನು ಇನ್ನೂ ಹೊರಗೆ ತಳ್ಳುತ್ತದೆ. 195/55 ಟೈರ್ ಹಾಕಿದರೆ ವ್ಯಾಸ ಮತ್ತೆ 621 ಆಗುತ್ತದೆ, ಅಗಲವೂ ತಗ್ಗುತ್ತದೆ. ಲೋಡ್ ರೇಟಿಂಗ್ (ಟೈರ್ ಹೊರಬಲ್ಲ ತೂಕದ ಗುರುತು) ಮಾತ್ರ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಅಂಗಡಿಯವರು ಬದಲಿಸಿಕೊಡುವುದಾದರೆ ಆಫ್‌ಸೆಟ್ 45ರ ರಿಮ್ಮನ್ನೇ ಕೇಳಿ, ಆದರೆ ಅದು ಒಳಗಡೆ ಸ್ಟ್ರಟ್‌ಗೆ ತಾಗದಂತೆ ಅಳೆದು ನೋಡಿ.