ಸಿಎನ್‌ಸಿ ರೂಟರಿಗೆ 100 ಮಿ.ಮೀ. ಎಂದರೆ 98 ಮಾತ್ರ ಸರಿಯುವುದೇಕೆ?

ಕಲಘಟಗಿ ಮಾದರಿಯ ತೊಟ್ಟಿಲಿಗೆ ಹಲಗೆ ಕೊರೆಯಲು ಧಾರವಾಡದ ಮನೆಯ ಶೆಡ್ಡಿನಲ್ಲಿ ತಾವು ಜೋಡಿಸಿದ ಸಿಎನ್‌ಸಿ ರೂಟರು (ಕಂಪ್ಯೂಟರಿನ ಆಜ್ಞೆಯಂತೆ ಮರ ಕೊರೆಯುವ ಯಂತ್ರ) ಎಕ್ಸ್ ಅಕ್ಷದಲ್ಲಿ 100 ಮಿ.ಮೀ.ಗೆ 2 ಮಿ.ಮೀ. ಕಡಿಮೆ ಚಲಿಸುತ್ತಿದೆ ಎಂದಿದ್ದೀರಿ. ಸಂಖ್ಯೆಗಳನ್ನು ಬದಲಿಸುವ ಮೊದಲು ಒಂದೇ ದಿಕ್ಕಿನಲ್ಲಿ 50 ಹಾಗೂ 200 ಮಿ.ಮೀ. ಓಡಿಸಿ ಅಳೆಯಿರಿ, 49 ಮತ್ತು 196 ಬಂದರೆ ದೋಷವು ಮೋಟಾರಿನ ಹೆಜ್ಜೆಗಳ (ಅದು ತಿರುಗುವ ಸಣ್ಣ ತುಣುಕುಗಳ) ಲೆಕ್ಕದಲ್ಲಿದೆ. ಒಂದು ಸುತ್ತಿನಲ್ಲಿ 200 ಹೆಜ್ಜೆ ಇಡುವ ಮೋಟಾರು, 16 ಮೈಕ್ರೋಸ್ಟೆಪ್ (ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುವುದು), ಪ್ರತಿ ಸುತ್ತಿನಲ್ಲಿ 8 ಮಿ.ಮೀ. ಸರಿಸುವ ಸ್ಕ್ರೂ ಇದ್ದರೆ ಮಿಲಿಮೀಟರಿಗೆ ಇಂಥ 400 ಸಣ್ಣ ಹೆಜ್ಜೆ ಬೇಕು. ಯಂತ್ರವನ್ನು ನಡೆಸುವ ಜಿಆರ್‌ಬಿಎಲ್ ತಂತ್ರಾಂಶದ $100ರಲ್ಲಿ (ಎಕ್ಸ್ ಅಕ್ಷದ ಹೆಜ್ಜೆಗಳ ಸೆಟ್ಟಿಂಗಿನಲ್ಲಿ) 392 ಎಂದಿದ್ದರೆ 400 ಎಂದು ತಿದ್ದಿರಿ.

ಅಳತೆ ಪ್ರತಿ ಬಾರಿಯೂ ಬೇರೆಯಾದರೆ ಲೆಕ್ಕವನ್ನು ಮುಟ್ಟಲೇಬೇಡಿ. ಮೋಟಾರಿನ ಶಾಫ್ಟಿನಿಂದ ಕಪ್ಲಿಂಗಿನವರೆಗೆ (ಶಾಫ್ಟನ್ನು ಸ್ಕ್ರೂವಿಗೆ ಜೋಡಿಸುವ ಭಾಗದವರೆಗೆ) ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಹತ್ತಾರು ಸಲ ಹಿಂದೆಮುಂದೆ ಓಡಿಸಿ (ನನ್ನ ಯಂತ್ರದ ರೋಗ ಸಿಕ್ಕಿದ್ದು ಹೀಗೆಯೇ). ಗೆರೆ ತುಂಡಾಗಿ ಕಂಡರೆ ಅಲ್ಲಿನ ಗ್ರಬ್ ಸ್ಕ್ರೂ (ಕಪ್ಲಿಂಗನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ) ಸಡಿಲಾಗಿದೆ, ಅದನ್ನು ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂರಿಸಿ ಬಿಗಿಮಾಡಿರಿ.