ಸ್ಟೀರಿಂಗ್ ಇಲ್ಲದ ರೈಲು ತಿರುಗೋದು ಹೇಗೆ?

ಪ್ರಶ್ನೆ: ರೈಲಿನ ಎರಡೂ ಗಾಲಿ ಒಂದೇ ಆಕ್ಸಲ್‌ಗೆ ಗಟ್ಟಿಯಾಗಿ ಕೂತಿರುತ್ತಂತೆ, ಕಾರಿನ ಥರ ಡಿಫರೆನ್ಷಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಇಲ್ಲ. ಹಾಗಾದ್ರೆ ತಿರುವಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಹೋಗೋದು ಹೇಗೆ, ಗಾಲಿಯ ಒಳಗಡೆ ಇರೋ ಉಬ್ಬಿದ ಅಂಚು ತಿರುಗಿಸುತ್ತಾ? ಘಾಟಿಯಲ್ಲಿ ಕಿರ್ರ್ ಅನ್ನೋದು ಯಾಕೆ?

ಉತ್ತರ: ಆ ಅಂಚು ಅಂದ್ರೆ ಫ್ಲೇಂಜೇ ರೈಲನ್ನ ತಿರುಗಿಸೋದು ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ. ಆದ್ರೆ ದೊಡ್ಡ ತಿರುವುಗಳಲ್ಲಿ ಅದಕ್ಕೆ ಹೆಚ್ಚು ಕೆಲಸಾನೇ ಇರಲ್ಲ, ಕೆಲಸ ಮಾಡೋದು ಗಾಲಿಯ ಇಳಿಜಾರು. ಹಳಿ ಮೇಲೆ ಉರುಳೋ ಭಾಗ ಚಪ್ಪಟೆ ಇಲ್ಲ, ಫ್ಲೇಂಜ್ ಕಡೆ ದಪ್ಪ, ಹೊರಗೆ ಹೋಗ್ತಾ ಸಣ್ಣ. ನಮ್ಮ ರೈಲ್ವೆಯ ಹಳೇ ಲೆಕ್ಕ 20ಕ್ಕೆ 1 (20 ಮಿಮೀ ಅಗಲಕ್ಕೆ 1 ಮಿಮೀ ಇಳಿಜಾರು), ಹಳೀನೂ ಅಷ್ಟೇ ಒಳಕ್ಕೆ ವಾಲಿಸಿ ಹಾಕ್ತಾರೆ. (ಈಗ ಗಾಲಿಯನ್ನ ಸವೆದ ಗಾಲಿ ಥರಾನೇ ಬಾಗಿಸಿ ಕಡೀತಾರೆ, ತತ್ವ ಅದೇ.)

ಎರಡು ಪೇಪರ್ ಟೀ ಕಪ್ ಬಾಯಿಗೆ ಬಾಯಿ ಅಂಟಿಸಿ ಎರಡು ಕೋಲಿನ ಮೇಲೆ ಉರುಳಿಸಿ, ತಾನೇ ನಡುವಿಗೆ ಬರುತ್ತೆ, ಗಾಲಿ ಜೋಡಿನೂ ಹೀಗೇ, ತಳಕ್ಕೆ ತಳ ಅಂಟಿಸಿದ್ರೆ ಬಿದ್ದೇ ಹೋಗುತ್ತೆ.

ಬ್ರಾಡ್‌ಗೇಜಲ್ಲಿ ರೈಲು 90 ಡಿಗ್ರಿ ತಿರುಗಿದ್ರೆ ಹೊರಹಳಿ ಒಳಹಳಿಗಿಂತ ಸುಮಾರು 2.75 ಮೀಟರ್ ಉದ್ದ, ತಿರುವು ದೊಡ್ಡದಿರ್ಲಿ ಸಣ್ಣದಿರ್ಲಿ ಇಷ್ಟೇ. ಗಾಲಿ ಜೋಡಿ ಹೊರಕ್ಕೆ ಸರಿದಾಗ ಹೊರಗಿನ ಗಾಲಿ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳುತ್ತೆ, ಒಂದೇ ಸುತ್ತಲ್ಲಿ ಒಂದು ಜಾಸ್ತಿ ದೂರ ಇನ್ನೊಂದು ಕಮ್ಮಿ. 1,750 ಮೀಟರ್ ತ್ರಿಜ್ಯದ ತಿರುವಿಗೆ 915 ಮಿಮೀ ವ್ಯಾಸದ ಗಾಲಿ ಐದು ಮಿಮೀಗಿಂತ ಕಮ್ಮಿ ಹೊರಕ್ಕೆ ಸರಿದ್ರೆ ಸಾಕು!

ಇದಕ್ಕೊಂದು ಕಾಟಾನೂ ಇದೆ. ನೇರ ಹಳಿಯಲ್ಲಿ ಚೂರು ಪಕ್ಕಕ್ಕೆ ಹೋದ್ರೂ ಗಾಲಿ ವಾಪಸ್ ನಡುವಿಗೆ ಬರುತ್ತೆ, ಆದ್ರೆ ಅಲ್ಲಿ ನಿಲ್ಲಲ್ಲ, ಆ ಕಡೆ ದಾಟಿ ಮತ್ತೆ ಈ ಕಡೆ, ಹೀಗೆ ಹಾವಿನ ನಡಿಗೆ ಶುರು ಆಗುತ್ತೆ, ಇದನ್ನೇ ಹಂಟಿಂಗ್ ಅನ್ನೋದು. ಸ್ಪೀಡ್ ಜಾಸ್ತಿ ಆದ್ರೆ ಇದು ತಾನೇ ಕಮ್ಮಿ ಆಗಲ್ಲ, ಅದಕ್ಕೇ ಎಲ್‌ಎಚ್‌ಬಿ ಅನ್ನೋ ಹೊಸ ಮಾದರಿ ಬೋಗಿಗಳಲ್ಲಿ ಆ ಓಲಾಟ ತಡೆಯೋ ಡ್ಯಾಂಪರ್ ಇರುತ್ತೆ.

ಘಾಟಿ ವಿಷಯಕ್ಕೆ ಬಂದ್ರೆ, ಹೊಸ ಗಾಲಿ ಹೊಸ ಹಳಿ ಅಂತ ಇಟ್ಕೊಂಡ್ರೂ ಗಾಲಿಗೆ ಒಂದು ಕಡೆಗೆ ಸರಿಯೋಕೆ ಇರೋದು ಸುಮಾರು 9.5 ಮಿಮೀ. 20ಕ್ಕೆ 1ರ ಲೆಕ್ಕದಲ್ಲಿ ಅಷ್ಟು ಸರಿದ್ರೂ ಸುಮಾರು 850 ಮೀಟರ್ ತ್ರಿಜ್ಯದ ತನಕ ಮಾತ್ರ ಸಾಕಾಗುತ್ತೆ, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಂಥ ಬಿಗಿ ತಿರುವಿಗೆ ಸಾಲಲ್ಲ. ಅಲ್ಲಿ ನೀವು ಹೇಳಿದ್ದೇ ಸರಿ, ಫ್ಲೇಂಜ್ ಹೊರಹಳಿಗೆ ಒತ್ಕೊಂಡು ತಿರುಗಿಸುತ್ತೆ, ಗಾಲಿ ಅಡ್ಡಡ್ಡ ಜಾರಿ ತಡೆದು ಜಾರಿ ನಡುಗುತ್ತೆ, ಕಿರ್ರ್ ಅನ್ನೋದು ಅದೇ ಸದ್ದು. ಹಳಿ ಬೇಗ ಸವೀಬಾರದು ಅಂತ ಹೊರಹಳಿಯ ಒಳಮೈಗೆ ಗ್ರೀಸ್ ಹಚ್ತಾರೆ.